ಸವಾರನಿಗೆ ಕಾಣದ ಅಂಕಿ

ಅಳತೆಯ ಸಾಧನವನ್ನು ಮನುಷ್ಯ ಮಾಡಿಕೊಳ್ಳುವುದು ಅದನ್ನು ನೋಡುವುದಕ್ಕಾಗಿ. ಗಡಿಯಾರವಿರುವುದು ಹೊತ್ತು ನೋಡಲು. ತಕ್ಕಡಿಯಿರುವುದು ತೂಕ ನೋಡಲು. ನೋಡಕೂಡದೆಂದ ಮೇಲೆ ಅವುಗಳನ್ನು ಇಟ್ಟುಕೊಂಡು ಫಲವೇನು? ಆದರೆ ಈ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾದ ಕಟ್ಟಳೆಯೊಂದು ಕ್ರೀಡಾಲೋಕದಲ್ಲಿ ಜಾರಿಯಲ್ಲಿದೆ. 1900ರಲ್ಲಿ ಸ್ಥಾಪಿತವಾಗಿ ಈಗ ಸ್ವಿಟ್ಜರ್‌ಲೆಂಡಿನಲ್ಲಿ ಕಚೇರಿ ಇಟ್ಟುಕೊಂಡಿರುವ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮಾವಳಿಯಲ್ಲಿ, ವೆಲೋಡ್ರೋಮ್ ಎಂದು ಕರೆಯಲಾಗುವ ಸೈಕಲ್ ಪಥದ ಪಂದ್ಯಗಳನ್ನು ಕುರಿತು ಹೀಗೊಂದು ವಿಧಿ ಇದೆ: ವೇಗವನ್ನೋ ಶಕ್ತಿಯನ್ನೋ ತೋರಿಸುವ ವಿದ್ಯುನ್ಮಾನ ಉಪಕರಣ ಸೈಕಲಿನ ಮೇಲಿದ್ದರೆ, ಅದರ ಅಂಕಿಗಳು ಸವಾರನ ಕಣ್ಣಿಗೆ ಬೀಳದಂತೆ ಮರೆಯಲ್ಲಿರಬೇಕು. ಉಪಕರಣ ತನ್ನ ಲೆಕ್ಕವನ್ನು ತಾನು ಬರೆದಿಟ್ಟುಕೊಳ್ಳಲಿ. ಸವಾರ ಮಾತ್ರ ಅದನ್ನು ಓದಕೂಡದು.

ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದ ನನಗೂ ಈ ವಿಷಯಕ್ಕೂ ಏನು ನಂಟು ಎಂದು ನೀವು ಕೇಳಬಹುದು. ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗ ವಾರಕ್ಕೊಮ್ಮೆ ಅಲ್ಲಿನ ಒಂದು ವೆಲೋಡ್ರೋಮಿಗೆ ಅಭ್ಯಾಸಕ್ಕೆ ಹೋಗುತ್ತಾನೆ. ತನ್ನ ಸಂಬಳದಲ್ಲಿ ಉಳಿಸಿ ಒಳ್ಳೆಯದೊಂದು ಸೈಕಲ್ ಕಂಪ್ಯೂಟರ್ ಕೊಂಡು ಹ್ಯಾಂಡಲಿಗೆ ಕಟ್ಟಿಕೊಂಡು ಹೋದರೆ, ಅಲ್ಲಿಯ ತರಬೇತುದಾರರು ಅದನ್ನು ಬಿಚ್ಚಿಸಿ ಸೀಟಿನ ಕೆಳಗೆ ಕಟ್ಟಿಸಿದರಂತೆ. “ಕನ್ನಡಿ ಕೊಂಡ ಮೇಲೆ ಮುಖ ನೋಡಿಕೊಳ್ಳಬೇಡ ಎಂದರೆ ಹೇಗೆ, ದೊಡ್ಡಪ್ಪ?” ಎಂದು ಅವನು ದೂರವಾಣಿಯಲ್ಲಿ ಕೇಳಿದ. ಪಂದ್ಯದ ನಿಯಮ ಪಂದ್ಯಕ್ಕಿರಲಿ, ಬರಿಯ ಅಭ್ಯಾಸದ ದಿನಗಳಲ್ಲಿಯೂ ಏಕೆ ಈ ನಿಷೇಧ ಎಂಬುದು ಅವನ ಪ್ರಶ್ನೆ. ಪ್ರಶ್ನೆ ಸೈಕಲಿನದಾದರೂ ಅದರ ಬೇರು ಸೈಕಲಿಗಿಂತ ಆಳದಲ್ಲಿದೆ ಎಂದು ನನಗೆ ತೋರಿತು. ಆ ವಿಚಾರವನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ವೆಲೋಡ್ರೋಮನ್ನು ಕಾಣದವರಿಗಾಗಿ ಮೊದಲು ಅದರ ಸ್ವರೂಪವನ್ನು ಹೇಳಬೇಕು. ಅದು ಮೊಟ್ಟೆಯ ಆಕಾರದ ಒಂದು ಪಥ. ಎರಡು ನೇರ ಭಾಗಗಳು, ಎರಡು ತಿರುವುಗಳು. ಇಂದಿನ ದೊಡ್ಡ ಪಂದ್ಯಗಳು ನಡೆಯುವ ಪಥದ ಸುತ್ತಳತೆ 250 ಮೀಟರ್. ಸಾಮಾನ್ಯವಾಗಿ ಮರದ ಹಲಗೆಗಳನ್ನು ಜೋಡಿಸಿ ಮಾಡಿದ್ದು, ಮೇಲೆ ಚಾವಣಿ. ತಿರುವುಗಳಲ್ಲಿ ಪಥ ಗೋಡೆಯಂತೆ ಎದ್ದು ನಿಲ್ಲುತ್ತದೆ. ಅಲ್ಲಿಯ ಇಳಿಜಾರು 40 ಡಿಗ್ರಿಯನ್ನು ಮೀರಿರುತ್ತದೆ. ಮೊದಲ ಸಲ ನೋಡಿದವರಿಗೆ, ಇದರ ಮೇಲೆ ಮನುಷ್ಯ ಕಾಲೂರಿ ನಿಲ್ಲುವುದೇ ಕಷ್ಟ, ಸೈಕಲ್ ಹೇಗೆ ನಿಂತೀತು ಎನಿಸುತ್ತದೆ. ನಿಲ್ಲಿಸುವುದು ವೇಗ. ವೇಗ ತಗ್ಗಿದರೆ ಚಕ್ರ ಜಾರುತ್ತದೆ.

ಈ ಪಥದ ಮೇಲೆ ಮೂರು ಮುಖ್ಯ ಗೆರೆಗಳಿವೆ. ಒಳ ಅಂಚಿನಿಂದ 20 ಸೆಂಟಿಮೀಟರ್ ದೂರದಲ್ಲಿ ಕಪ್ಪುಗೆರೆ. 250 ಮೀಟರ್ ಎಂದು ಅಳೆದಿರುವುದು ಈ ಗೆರೆಯ ಗುಂಟ. ಅದರ ಮೇಲೆ, 85 ಸೆಂಟಿಮೀಟರಿನಲ್ಲಿ ಕೆಂಪುಗೆರೆ. ಇನ್ನೂ ಮೇಲೆ, ಸುಮಾರು ಎರಡೂವರೆ ಮೀಟರಿನಲ್ಲಿ ನೀಲಿಗೆರೆ. ರಭಸದಿಂದ ಹೋಗುವವರು ಕಪ್ಪುಗೆರೆಯನ್ನು ಹಿಡಿಯುತ್ತಾರೆ. ನಿಧಾನವಾಗಿ ಸುತ್ತುವವರು, ಸರದಿ ಕಾಯುವವರು ಮೇಲಿರುತ್ತಾರೆ.

ಇನ್ನು ಸೈಕಲ್. ನಮ್ಮ ಬೀದಿಗಳ ಸೈಕಲಿಗೆ ಫ್ರೀವೀಲ್ ಇದೆ. ಪೆಡಲ್ ತುಳಿಯುವುದನ್ನು ನಿಲ್ಲಿಸಿದರೂ ಅದು ತಾನೇ ಉರುಳುತ್ತದೆ. ವೆಲೋಡ್ರೋಮಿನ ಸೈಕಲಿಗೆ ಅದಿಲ್ಲ. ಹಿಂದಿನ ಚಕ್ರ ತಿರುಗುವಷ್ಟು ಕಾಲವೂ ಕಾಲು ತಿರುಗಲೇಬೇಕು. ಗೇರುಗಳಿಲ್ಲ. ಬ್ರೇಕ್ ಇಲ್ಲ. ಬ್ರೇಕಿಲ್ಲದ ವಾಹನಗಳು ಒಂದರ ಹಿಂದೆ ಒಂದು, ಗೇಣಳತೆಯ ಅಂತರದಲ್ಲಿ, ಗಂಟೆಗೆ 50 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಹೋಗುವ ಸ್ಥಳ ಇದು ಎಂಬುದನ್ನು ನೆನಪಿನಲ್ಲಿಡಬೇಕು.

ಭಾರತದಲ್ಲಿಯೂ ಇಂಥ ಪಥಗಳಿವೆ. 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ದೆಹಲಿಯ ಇಂದಿರಾಗಾಂಧಿ ಕ್ರೀಡಾಂಗಣದ ಆವರಣದಲ್ಲಿ 250 ಮೀಟರಿನ ಮರದ ಪಥವನ್ನು ನಿರ್ಮಿಸಲಾಯಿತು. 2022ರ ಜೂನ್‌ನಲ್ಲಿ ಅಲ್ಲಿ ನಡೆದ ಏಷ್ಯಾ ಸ್ಪರ್ಧೆಯಲ್ಲಿ ಮಣಿಪುರದ ರೊನಾಲ್ಡೊ ಸಿಂಗ್ ಸ್ಪ್ರಿಂಟ್ ವಿಭಾಗದ ಬೆಳ್ಳಿಯ ಪದಕವನ್ನು ಪಡೆದರು. ನಮ್ಮ ವಿಜಯಪುರ, ಬಾಗಲಕೋಟೆಗಳ ಕಡೆಯಿಂದಲೂ ಒಳ್ಳೆಯ ಸೈಕಲ್ ಪಟುಗಳು ಬಂದಿದ್ದಾರೆ. ರಸ್ತೆಯ ಮೇಲೆ ಪಳಗಿದವರು ವೆಲೋಡ್ರೋಮಿಗೆ ಹೋದಾಗ ಎದುರಾಗುವ ಮೊದಲ ಅಚ್ಚರಿಗಳಲ್ಲಿ ನಮ್ಮ ಹುಡುಗ ಹೇಳಿದ ನಿಷೇಧವೂ ಒಂದು.

ಈಗ ಆ ಉಪಕರಣದ ವಿಚಾರ. ಅಂಗೈಯಲ್ಲಿ ಹಿಡಿಯುವ ಒಂದು ಪುಟ್ಟ ಪೆಟ್ಟಿಗೆ ಅದು. ವೇಗವೆಷ್ಟು, ದೂರವೆಷ್ಟು, ಒಂದು ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು, ಹೃದಯ ಎಷ್ಟು ಬಡಿತ, ಕಾಲು ಎಷ್ಟು ವಾಟ್ ಶಕ್ತಿಯನ್ನು ಸುರಿಯುತ್ತಿದೆ—ಇಷ್ಟನ್ನೂ ಕ್ಷಣಕ್ಷಣಕ್ಕೆ ಬರೆಯುತ್ತದೆ. ಶಕ್ತಿಯನ್ನು ಅಳೆಯುವ ಬಗೆ ಸ್ವಾರಸ್ಯವಾದದ್ದು. ಪೆಡಲ್ ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯನ್ನು ಹಿಡಿಯುವ ಸೂಕ್ಷ್ಮ ಪಟ್ಟಿಗಳನ್ನು ಅಲ್ಲಿ ಅಂಟಿಸಿ, ಬಾಗಿದಷ್ಟರಿಂದ ಬಲವನ್ನು ಲೆಕ್ಕ ಹಾಕುತ್ತಾರೆ. ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬೆರರ್ 1986ರಲ್ಲಿ ಆರಂಭಿಸಿದ ಸಂಸ್ಥೆಯಿಂದ ಈ ಬಗೆಯ ಮಾಪಕಗಳು ಸೈಕಲ್ ಲೋಕಕ್ಕೆ ಪರಿಚಯವಾದವು. ಅಲ್ಲಿಯವರೆಗೆ ಪ್ರಯೋಗಾಲಯದಲ್ಲಿ ಮಾತ್ರ ಸಾಧ್ಯವಾಗಿದ್ದ ಅಳತೆ ಅಂದಿನಿಂದ ಪಥಕ್ಕೆ ಬಂತು. ಇದೊಂದು ಅದ್ಭುತ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ.

ಇಂಥ ಸಾಧನವನ್ನು ಏಕೆ ನೋಡಬಾರದು? ಉತ್ತರಗಳು ಮೂರು. ಮೊದಲನೆಯದು, ಆ ಅಂಕಿ ಇಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ ಎಂಬುದು. ಎರಡನೆಯದು, ನೋಡುವುದರಲ್ಲಿ ಅಪಾಯವಿದೆ ಎಂಬುದು. ಮೂರನೆಯದು, ನೋಡುವುದರಿಂದ ಬೇರೊಂದು ನಷ್ಟವಿದೆ ಎಂಬುದು. ಒಂದೊಂದನ್ನೇ ವಿಚಾರಿಸೋಣ.

ರಸ್ತೆಯ ಮೇಲೆ ಈ ಪೆಟ್ಟಿಗೆ ದೂರವನ್ನೂ ವೇಗವನ್ನೂ ಸಾಮಾನ್ಯವಾಗಿ ಉಪಗ್ರಹಗಳ ಸಂಕೇತದಿಂದ ತಿಳಿಯುತ್ತದೆ. ವೆಲೋಡ್ರೋಮಿನ ಚಾವಣಿಯ ಕೆಳಗೆ ಆ ಸಂಕೇತ ಸರಿಯಾಗಿ ತಲುಪುವುದಿಲ್ಲ. ಬಯಲಿನ ಪಥವಾದರೂ ಫಲ ಹೆಚ್ಚಿನದಲ್ಲ. ಉಪಕರಣ ಸೆಕೆಂಡಿಗೊಂದು ಬಿಂದುವನ್ನು ಗುರುತಿಸಿ, ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಎಳೆಯುತ್ತದೆ. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಹೋಗುವವನು ಒಂದು ಸೆಕೆಂಡಿನಲ್ಲಿ 15 ಮೀಟರ್ ಕ್ರಮಿಸುತ್ತಾನೆ. ಬಿಗಿಯಾದ ತಿರುವಿನಲ್ಲಿ ಹೀಗೆ 15 ಮೀಟರಿಗೊಂದು ಬಿಂದುವಿಟ್ಟು ನೇರ ಗೆರೆಗಳಿಂದ ಕೂಡಿಸಿದರೆ ದುಂಡಗಿನ ದಾರಿ ಮೂಲೆಮೂಲೆಯ ದಾರಿಯಾಗುತ್ತದೆ, ದೂರ ಕಡಮೆಯಾಗುತ್ತದೆ. ಅದರ ಮೇಲೆ, ಬಿಂದುವನ್ನು ಗುರುತಿಸುವುದರಲ್ಲಿಯೇ ಕೆಲವು ಮೀಟರುಗಳ ವ್ಯತ್ಯಾಸ ಬರುವುದುಂಟು. ಏಳೆಂಟು ಮೀಟರ್ ಅಗಲದ ಪಥದಲ್ಲಿ ಕೆಲವು ಮೀಟರುಗಳ ತಪ್ಪೆಂದರೆ, ಸವಾರ ಕಪ್ಪುಗೆರೆಯ ಮೇಲಿದ್ದನೋ ನೀಲಿಗೆರೆಯ ಮೇಲಿದ್ದನೋ ಹೇಳಲಾಗದು.

ಹಾಗಾದರೆ ಚಕ್ರಕ್ಕೊಂದು ಗುರುತು ಕಟ್ಟಿ ಸುತ್ತುಗಳನ್ನು ಎಣಿಸಿದರಾಯಿತಲ್ಲ? ವೆಲೋಡ್ರೋಮಿನಲ್ಲಿ ಮಾಡುವುದು ಅದನ್ನೇ. ಆದರೆ ಇಲ್ಲಿಯೂ ಎರಡು ತೊಡಕುಗಳಿವೆ. ಚಕ್ರ ಎಣಿಸುವುದು ತಾನು ಉರುಳಿದ ದೂರವನ್ನು, ಕಪ್ಪುಗೆರೆಯ ದೂರವನ್ನಲ್ಲ. ಸಮತಟ್ಟಾದ ನೆಲದಲ್ಲಿ ಒಂದು ಸುತ್ತನ್ನು ಒಂದು ಮೀಟರ್ ಹೊರಗೆ ಸರಿದು ಹೊಡೆದರೆ ದೂರ ಆರು ಮೀಟರಿಗಿಂತ ತುಸು ಹೆಚ್ಚಾಗುತ್ತದೆ. ವಿಶೇಷವೆಂದರೆ, ಪಥ ಚಿಕ್ಕದಿರಲಿ ದೊಡ್ಡದಿರಲಿ ಈ ಹೆಚ್ಚಳ ಅಷ್ಟೇ. ವೆಲೋಡ್ರೋಮಿನ ತಿರುವು ಇಳಿಜಾರಾದ್ದರಿಂದ ಹೆಚ್ಚಳ ಸ್ವಲ್ಪ ತಗ್ಗುತ್ತದೆ. ಆದರೂ ನೀಲಿಗೆರೆಯ ಗುಂಟ ಸುತ್ತುವವನಿಗೆ ಪ್ರತಿ ಸುತ್ತಿಗೂ ಸುಮಾರು 10 ಮೀಟರ್ ಅಧಿಕ. 20 ಸುತ್ತು ಮುಗಿಯುವುದರೊಳಗೆ 200 ಮೀಟರ್. ಪಥದ ಲೆಕ್ಕದಲ್ಲಿ 20 ಸುತ್ತು. ಪೆಟ್ಟಿಗೆಯ ಲೆಕ್ಕದಲ್ಲಿ ಬಹುಮಟ್ಟಿಗೆ 21.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ತಿರುವಿನಲ್ಲಿ ಸವಾರ ಸೈಕಲಿನೊಡನೆ ಒಳಕ್ಕೆ ವಾಲಿರುತ್ತಾನೆ. ಚಕ್ರಗಳು ಹೊರಗಿನ ದೊಡ್ಡ ವೃತ್ತದಲ್ಲಿ, ಅವನ ಮೈಯ ಭಾರ ಒಳಗಿನ ಚಿಕ್ಕ ವೃತ್ತದಲ್ಲಿ. ಗಾಣದ ಮರದ ತುದಿಗೆ ಕಟ್ಟಿದ ಎತ್ತು ಒಂದು ಸುತ್ತಿಗೆ ನಡೆಯುವ ದೂರ, ಅದೇ ಮರದ ನಡುಭಾಗ ಕ್ರಮಿಸುವ ದೂರಕ್ಕಿಂತ ಹೆಚ್ಚಲ್ಲವೆ? ಇಲ್ಲಿಯೂ ಹಾಗೆಯೇ. ಮೈ ತನ್ನ ವೇಗದಲ್ಲಿಯೇ ಸಾಗುತ್ತಿರುತ್ತದೆ. ಅದರ ಜೊತೆ ಉಳಿಯಲು ಚಕ್ರಗಳು ಬೇಗ ಉರುಳಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನೇರ ಭಾಗದಿಂದ ತಿರುವಿಗೆ ನುಗ್ಗಿದವನ ಪೆಟ್ಟಿಗೆಯಲ್ಲಿ ಅಂಕಿ 62ರ ಹತ್ತಿರಕ್ಕೆ ಏರಬಹುದು. ತಿರುವು ಮುಗಿದೊಡನೆ ಇಳಿಯಬಹುದು. ಅವನು ಹೆಚ್ಚು ತುಳಿದದ್ದೂ ಇಲ್ಲ, ಕಡಮೆ ತುಳಿದದ್ದೂ ಇಲ್ಲ. ಏರಿದಾಗ ಹಿಗ್ಗಿ ಕಾಲು ಸಡಿಲಿಸಿ, ಇಳಿದಾಗ ಬೆದರಿ ಒತ್ತಿ ತುಳಿದರೆ ಅವನ ಲಯವೇ ಕೆಟ್ಟಿತು. ಸಾಧನ ಸುಳ್ಳು ಹೇಳುತ್ತದೆ ಎಂದಲ್ಲ. ಅದು ಚಕ್ರದ ಸತ್ಯವನ್ನು ಹೇಳುತ್ತದೆ. ನಾವು ಕೇಳಿದ್ದು ಸವಾರನ ವೇಗವನ್ನು.

ಎರಡನೆಯ ಕಾರಣವಾದ ಅಪಾಯಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಒಂದು ಸೆಕೆಂಡು ಕಣ್ಣು ಕೆಳಗಿಟ್ಟರೆ 15 ಮೀಟರ್ ಕುರುಡಾಗಿ ಹೋದಂತೆ. ಮುಂದಿನವನ ಚಕ್ರ ಗೇಣಳತೆಯಲ್ಲಿದೆ, ಕೈಯಲ್ಲಿ ಬ್ರೇಕಿಲ್ಲ. ಗಂಟೆಗೆ 60 ಕಿಲೋಮೀಟರಿನ ತಿರುವಿನಲ್ಲಿ ಮೈಯ ತೂಕ ಒಂದೂವರೆ ಪಟ್ಟಿಗಿಂತ ಹೆಚ್ಚಾದಂತೆ ಭಾಸವಾಗುತ್ತದೆ. ಬಗ್ಗಿಸಿದ ತಲೆಯನ್ನು ಮತ್ತೆ ಎತ್ತುವುದಕ್ಕೂ ಆಗ ಬಲ ಬೇಕು. ಇನ್ನು ಸರಿಯಾಗಿ ಬಿಗಿಯದ ಪೆಟ್ಟಿಗೆ ಕಳಚಿ ಹಲಗೆಯ ಮೇಲೆ ಬಿತ್ತೆಂದರೆ, ಅದು ಇಳಿಜಾರಿನಲ್ಲಿ ಜಾರಿ ಬರುವುದು ಕೆಳಗೆ ಕಪ್ಪುಗೆರೆಯನ್ನು ಹಿಡಿದು ಬರುತ್ತಿರುವವರ ಚಕ್ರದಡಿಗೇ. ಪಥಕ್ಕೆ ಬೀಳಬಹುದಾದ ಯಾವ ವಸ್ತುವನ್ನೂ ಸವಾರ ಧರಿಸಕೂಡದು ಎಂದು ಒಕ್ಕೂಟದ ನಿಯಮ ಹೇಳುವುದು ಇದಕ್ಕಾಗಿ. ಎಲ್ಲರೂ ಕಲೆತು ಸುತ್ತುವ ಅಭ್ಯಾಸದ ಹೊತ್ತಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು; ಹೊಸಬರು ಪಳಗಿದವರು ಒಟ್ಟಿಗಿರುವುದು ಅಲ್ಲಿಯೇ ತಾನೆ? ನಮ್ಮ ಹುಡುಗನ ತರಬೇತುದಾರರ ಸೂಚನೆಗೆ ಇಷ್ಟೇ ಸಾಕಾದ ಸಮರ್ಥನೆ. ಪೆಟ್ಟಿಗೆಯನ್ನು ಸೀಟಿನ ಕೆಳಗೆ ಬಿಗಿಯಾಗಿ ಕಟ್ಟಿ, ಮೇಲೊಂದು ಪಟ್ಟಿ ಸುತ್ತಿ, ಅದನ್ನು ಮರೆತು ಸುತ್ತುವುದೇ ಲೇಸು.

ಆದರೆ ಈ ಎರಡು ಕಾರಣಗಳೂ ಮುಂದೊಂದು ದಿನ ಇಲ್ಲವಾಗಬಹುದು. ತಪ್ಪಿಲ್ಲದ ಅಂಕಿಯನ್ನು, ತಲೆ ತಗ್ಗಿಸದೆಯೇ ಕಾಣುವಂತೆ ಕನ್ನಡಕದ ಗಾಜಿನ ಮೇಲೆ ತೋರಿಸುವ ಉಪಾಯಗಳನ್ನು ಜಾಣರು ಕಂಡುಹಿಡಿಯದೆ ಇರಲಾರರು. ಆಗಲಾದರೂ ನೋಡಬಹುದೆ? ನನ್ನ ಮೂರನೆಯ ಕಾರಣ ಈ ಪ್ರಶ್ನೆಗೆ ಸಂಬಂಧಿಸಿದ್ದು. ಈ ಭಾಷಣದ ತಿರುಳೂ ಅದೇ.

ವೆಲೋಡ್ರೋಮಿನಲ್ಲಿ ವೇಗವನ್ನು ತಿಳಿಯಲು ಬಹಳ ಸರಳವಾದ ಒಂದು ಲೆಕ್ಕವಿದೆ. 900ನ್ನು ಒಂದು ಸುತ್ತಿಗೆ ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಬರುತ್ತದೆ. 20 ಸೆಕೆಂಡಿನ ಸುತ್ತು ಎಂದರೆ 45 ಕಿಲೋಮೀಟರ್. 18 ಸೆಕೆಂಡು ಎಂದರೆ 50. 15 ಎಂದರೆ 60. ಫ್ರೀವೀಲ್ ಇಲ್ಲದ್ದರಿಂದ ಕಾಲಿನ ಗತಿಯೂ ಇದರಲ್ಲಿಯೇ ಅಡಗಿದೆ. ಮುಂದಿನ ಚಕ್ರಕ್ಕೆ 50 ಹಲ್ಲು, ಹಿಂದಿನದಕ್ಕೆ 14 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು ಏಳೂವರೆ ಮೀಟರ್ ಸಾಗುತ್ತದೆ. 250 ಮೀಟರಿಗೆ 33ಕ್ಕೆ ಸ್ವಲ್ಪ ಮೇಲ್ಪಟ್ಟು ಸುತ್ತು. ಅದನ್ನು 20 ಸೆಕೆಂಡಿನಲ್ಲಿ ಮುಗಿಸಿದರೆ ನಿಮಿಷಕ್ಕೆ 100. ಎಂದರೆ, ತನ್ನ ಕಾಲು ಎಷ್ಟು ಬೇಗ ತಿರುಗುತ್ತಿದೆ ಎಂಬುದನ್ನು ಬಲ್ಲವನಿಗೆ ತನ್ನ ವೇಗ ತಿಳಿದಂತೆಯೇ. ಪಥ ಬದಲಾಗದು, ಗಾಳಿ ಬೀಸದು, ಏರುತಗ್ಗಿಲ್ಲ, ಗೇರಿಲ್ಲ. ಜಗತ್ತಿನಲ್ಲಿ ವೇಗವನ್ನು ಮೈಯಿಂದಲೇ ಅರಿಯಲು ಕಲಿಯುವುದಕ್ಕೆ ಇದಕ್ಕಿಂತ ಅನುಕೂಲವಾದ ಶಾಲೆ ಬೇರೊಂದಿರಲಾರದು.

ಆ ಶಾಲೆಯ ಪಾಠಕ್ರಮವನ್ನು ನೋಡಿ. ತರಬೇತುದಾರ ಕೈಯಲ್ಲಿ ಗಡಿಯಾರ ಹಿಡಿದು ಪಥದ ಒಳಬದಿಯಲ್ಲಿ ನಿಲ್ಲುತ್ತಾನೆ. “20ರ ಸುತ್ತುಗಳನ್ನು ಹೊಡೆ” ಎನ್ನುತ್ತಾನೆ. ಸವಾರ ಹಾದುಹೋದಂತೆಲ್ಲ ಸಮಯವನ್ನು ಕೂಗಿ ಹೇಳುತ್ತಾನೆ: 20.6, 20.3, 19.8. ಮೊದಮೊದಲು ಹುಡುಗ ತಡಕಾಡುತ್ತಾನೆ. ಕ್ರಮೇಣ ಅವನ ಉಸಿರು, ತೊಡೆಯ ಬಿಗಿತ, ಕಿವಿಯ ಬದಿಯ ಗಾಳಿಯ ಸದ್ದು, ಹಲಗೆಯ ಮೇಲೆ ಟೈರಿನ ಮೊರೆತ, ಇವೆಲ್ಲ ಕೂಡಿ 20 ಎಂಬುದು ಒಂದು ಅನುಭವವಾಗುತ್ತದೆ. ಬಳಿಕ ಅವನು ಗಡಿಯಾರ ಕೇಳದೆಯೇ “ಈಗಿನದು 20ಕ್ಕೆ ತುಸು ಹೆಚ್ಚಾಯಿತು” ಎನ್ನಬಲ್ಲ. ಬೆನ್ನಟ್ಟುವ ಪಂದ್ಯಗಳಲ್ಲಿ ತರಬೇತುದಾರರು ಬಳಸುವ ಒಂದು ಹಳೆಯ ಸಂಕೇತ ಬಹು ಸುಂದರವಾಗಿದೆ. ಗೊತ್ತುಪಡಿಸಿದ ವೇಳೆಗಿಂತ ಸವಾರ ಮುಂದಿದ್ದರೆ ತರಬೇತುದಾರ ಗೆರೆಯಿಂದ ಒಂದು ಕಡೆಗೆ ಹೆಜ್ಜೆ ಹಾಕುತ್ತಾನೆ. ಹಿಂದಿದ್ದರೆ ಇನ್ನೊಂದು ಕಡೆಗೆ. ಸವಾರ ಅಂಕಿಯನ್ನು ಓದುವುದಿಲ್ಲ. ತನ್ನ ಗುರು ನಿಂತ ಜಾಗವನ್ನು ಕಡೆಗಣ್ಣಿನಲ್ಲಿ ಕಂಡು ತಾನಿರುವ ಜಾಗವನ್ನು ಅರಿಯುತ್ತಾನೆ. ಮಾತಿಲ್ಲ, ಯಂತ್ರವಿಲ್ಲ.

ಈ ಅರಿವಿಗೆ ಎಷ್ಟು ಬೆಲೆಯಿದೆ ಎಂಬುದು ತಿಳಿಯಬೇಕಾದರೆ ಒಂದು ಗಂಟೆಯ ದಾಖಲೆಯನ್ನು ನೋಡಬೇಕು. ಒಬ್ಬನೇ ಸವಾರ, ಒಂದು ಗಂಟೆ, ಎಷ್ಟು ದೂರ ಸಾಧ್ಯವೋ ಅಷ್ಟು. 1893ರಲ್ಲಿ ಪ್ಯಾರಿಸ್ಸಿನಲ್ಲಿ ಆನ್ರಿ ದೆಗ್ರಾಂಜ್ 35.325 ಕಿಲೋಮೀಟರ್ ಕ್ರಮಿಸಿದರು. 1972ರಲ್ಲಿ ಬೆಲ್ಜಿಯಮ್ಮಿನ ಎಡ್ಡಿ ಮೆರ್ಕ್ಸ್ ಮೆಕ್ಸಿಕೋ ನಗರದಲ್ಲಿ 49.431 ಕಿಲೋಮೀಟರ್ ಹೋದರು. 2015ರಲ್ಲಿ ಲಂಡನ್ನಿನಲ್ಲಿ ಬ್ರ್ಯಾಡ್ಲಿ ವಿಗಿನ್ಸ್ ಅವರದು 54.526. 2022ರ ಆಗಸ್ಟ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಗ್ರೆನ್ಶೆನ್‌ನಲ್ಲಿ ಡ್ಯಾನ್ ಬಿಗಮ್ ಎಂಬ ಎಂಜಿನಿಯರ್ 55.548 ಕಿಲೋಮೀಟರ್ ಸಾಧಿಸಿದರು. ಅದೇ ಅಕ್ಟೋಬರ್ 8ರಂದು ಅದೇ ಪಥದಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ 56.792 ಕಿಲೋಮೀಟರ್ ಮುಟ್ಟಿದರು.

ಗನ್ನಾ ಅವರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. 250 ಮೀಟರಿನ ಸುಮಾರು 227 ಸುತ್ತುಗಳು. ಸರಾಸರಿ ಒಂದಕ್ಕೆ 15.85 ಸೆಕೆಂಡು. ಇದಕ್ಕಿಂತ ಅರ್ಧ ಸೆಕೆಂಡು ಬೇಗ ಸುತ್ತಿದರೇನು ಎನ್ನಬಹುದು. ವೇಗ ನೂರಕ್ಕೆ ಮೂರರಷ್ಟು ಮಾತ್ರ ಹೆಚ್ಚುತ್ತದೆ. ಆದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಬೆಳೆಯುವುದರಿಂದ ಶಕ್ತಿ ನೂರಕ್ಕೆ ಹತ್ತರಷ್ಟು ಹೆಚ್ಚು ಬೇಕು. ಗಂಟೆಯ ಮೊದಲ ಹತ್ತು ನಿಮಿಷ ಅರ್ಧ ಸೆಕೆಂಡಿನ ಉತ್ಸಾಹ ತೋರಿದವನು ಕೊನೆಯ ಹತ್ತು ನಿಮಿಷ ಅದರ ಸಾಲವನ್ನು ಬಡ್ಡಿಸಮೇತ ತೀರಿಸಬೇಕಾಗುತ್ತದೆ. ಇಷ್ಟು ಸೂಕ್ಷ್ಮವಾದ ಹದವನ್ನು ಸವಾರ ಹ್ಯಾಂಡಲಿನ ಮೇಲೆ ಯಾವ ಅಂಕಿಯೂ ಇಲ್ಲದೆ, ಪಥದ ಬದಿಯಿಂದ ಬರುವ ಸುತ್ತಿನ ಸಮಯವನ್ನಷ್ಟೇ ಆಧರಿಸಿ, ಮಿಕ್ಕದ್ದನ್ನು ತನ್ನ ಮೈಯಲ್ಲಿಯೇ ಹುಡುಕಿಕೊಂಡು ಉಳಿಸಿಕೊಳ್ಳಬೇಕು. 2023ರಲ್ಲಿ 50.267 ಕಿಲೋಮೀಟರ್ ಕ್ರಮಿಸಿ, ಒಂದು ಗಂಟೆಯಲ್ಲಿ 50 ಕಿಲೋಮೀಟರ್ ದಾಟಿದ ಮೊದಲ ಮಹಿಳೆಯಾದ ಇಟಲಿಯ ವಿತ್ತೋರಿಯಾ ಬುಸ್ಸಿ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಬಿಗಮ್ ಎಂಜಿನಿಯರ್, ಬುಸ್ಸಿ ಗಣಿತಜ್ಞೆ. ಲೆಕ್ಕವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಆ ಒಂದು ಗಂಟೆ ಅವರ ಮುಂದೆ ಪೆಟ್ಟಿಗೆಯಿರಲಿಲ್ಲ. ಲೆಕ್ಕವೆಲ್ಲ ಅದಕ್ಕೆ ಮೊದಲೇ ಮುಗಿದಿತ್ತು.

ಇಲ್ಲಿ ಎದುರು ವಾದವನ್ನೂ ಕೇಳಬೇಕು, ಕೇಳದಿದ್ದರೆ ನ್ಯಾಯವಾಗದು. ಮನುಷ್ಯನ ಅನುಭವ ನಂಬಲರ್ಹವೆ? ದಣಿದ ಮೈ ನಿಧಾನವನ್ನೇ ವೇಗವೆಂದು ಭ್ರಮಿಸುತ್ತದೆ. ಉತ್ಸಾಹದ ಮೈ ವೇಗವನ್ನು ನಿಧಾನವೆಂದುಕೊಳ್ಳುತ್ತದೆ. ನಿನ್ನೆಗಿಂತ ಇಂದು ಚೆನ್ನಾಗಿ ತುಳಿದೆ ಎಂದು ನೆನಪು ಹೇಳುತ್ತದೆ. ಬರೆದಿಟ್ಟ ಲೆಕ್ಕ ಅಲ್ಲವೆನ್ನುತ್ತದೆ. ನೆನಪಿನ ಮಾತಿಗಿಂತ ಲೆಕ್ಕದ ಮಾತನ್ನು ನಂಬುವುದು ವಿವೇಕ. ನಾಲ್ವರು ಒಬ್ಬರ ಹಿಂದೊಬ್ಬರು ಸರದಿಯ ಮೇಲೆ ಗಾಳಿಗೆ ಎದೆಯೊಡ್ಡುವ ತಂಡದ ಪಂದ್ಯವನ್ನೇ ತೆಗೆದುಕೊಳ್ಳಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ತಂಡ 4 ಕಿಲೋಮೀಟರನ್ನು 3 ನಿಮಿಷ 40.730 ಸೆಕೆಂಡುಗಳಲ್ಲಿ ಮುಗಿಸಿ ಆಗಿನ ವಿಶ್ವದಾಖಲೆಯನ್ನು ಮಾಡಿತು. ನಿಂತಲ್ಲಿಂದ ಹೊರಟದ್ದನ್ನೂ ಸೇರಿಸಿಕೊಂಡು ಸರಾಸರಿ ಗಂಟೆಗೆ 65 ಕಿಲೋಮೀಟರ್. ಮುಂದಿರುವವನು ಎಷ್ಟು ಶಕ್ತಿ ವ್ಯಯಿಸುತ್ತಾನೆ, ಹಿಂದೆ ಅಡಗಿದವನಿಗೆ ಎಷ್ಟು ಉಳಿತಾಯ, ಯಾರು ಎಷ್ಟು ಸುತ್ತು ಮುಂದಾಳಾಗಬೇಕು—ಇವನ್ನೆಲ್ಲ ಅಳತೆಯಿಲ್ಲದೆ ಊಹೆಯಿಂದ ಗೊತ್ತುಮಾಡಲಾಗದು. ಅಭ್ಯಾಸದ ದಿನಗಳಲ್ಲಿ ಸೀಟಿನ ಕೆಳಗೆ ಕುಳಿತು ಮೌನವಾಗಿ ಬರೆದುಕೊಂಡ ಪೆಟ್ಟಿಗೆಗಳು ಇಂಥ ಸಾಧನೆಗಳ ಹಿಂದೆ ಇರುತ್ತವೆ.

ಇನ್ನೂ ಒಂದು ಮಾತಿದೆ. ತರಬೇತುದಾರನಿಲ್ಲದ ಹುಡುಗನ ಪಾಡೇನು? ಒಳ್ಳೆಯ ಗುರು ಎಲ್ಲ ಊರುಗಳಲ್ಲಿಯೂ ಸಿಗುವುದಿಲ್ಲ. ಬದಿಯಲ್ಲಿ ನಿಂತು ಸಮಯ ಕೂಗುವವರು ಯಾರೂ ಇಲ್ಲದ ಕಡೆ ಆ ಪೆಟ್ಟಿಗೆಯೇ ಗುರು, ಪೆಟ್ಟಿಗೆಯೇ ಜೊತೆಗಾರ. ಅದನ್ನೂ ನೋಡಬೇಡ ಎಂದರೆ ಬಡವನ ಕೈಯ ಕೋಲನ್ನು ಕಿತ್ತುಕೊಂಡಂತಾಗುವುದಿಲ್ಲವೆ? ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣಲಾರೆ. ನಾನು ಕೊಡಬಹುದಾದ ಉತ್ತರ ಇಷ್ಟೇ: ನೋಡಬೇಡ ಎಂಬುದು ಎಂದೆಂದಿಗೂ ನೋಡಬೇಡ ಎಂದಲ್ಲ, ಸುತ್ತುತ್ತಿರುವಾಗ ನೋಡಬೇಡ ಎಂದು. ಇಳಿದ ಮೇಲೆ ನೋಡು. ಬೇಕಾದಷ್ಟು ಹೊತ್ತು ನೋಡು.

ಈ ಭೇದವನ್ನು ನನ್ನ ಕಸುಬಿನಿಂದ ಒಂದು ನಿದರ್ಶನ ಕೊಟ್ಟು ವಿಶದಪಡಿಸಬಹುದು. ಕುಮಾರವ್ಯಾಸನ ಭಾರತ ಭಾಮಿನಿ ಷಟ್ಪದಿಯಲ್ಲಿದೆ. ಮೂರು ನಾಲ್ಕು ಮಾತ್ರೆಗಳ ಗಣಗಳು ಒಂದಾದಮೇಲೊಂದು ಬರುವ ಛಂದಸ್ಸು ಅದು. ಮೊದಲ ಪಾದದಲ್ಲಿ 14 ಮಾತ್ರೆ, ಮೂರನೆಯದರಲ್ಲಿ 21ರ ಮೇಲೊಂದು ಗುರು. ತರಗತಿಯಲ್ಲಿ ನಾವು ಲಘು ಗುರುಗಳ ಗುರುತು ಹಾಕಿ, ಗೆರೆ ಎಳೆದು, ಗಣ ವಿಂಗಡಿಸಿ ಕಲಿಸುತ್ತೇವೆ. ಕಲಿಸಬೇಕಾದದ್ದೇ. ಆದರೆ ಗಮಕಿ ಸಭೆಯಲ್ಲಿ ಕುಳಿತು ಓದುವಾಗ ಮಾತ್ರೆಗಳನ್ನು ಎಣಿಸುತ್ತಾನೆಯೆ? ಎಣಿಸಿದರೆ ಓದು ಅಲ್ಲಿಗೇ ನಿಂತಿತು. ಎಣಿಸುವುದಿಲ್ಲವೆಂದು ಅವನ ಓದಿನಲ್ಲಿ ಮಾತ್ರೆ ತಪ್ಪುತ್ತದೆಯೆ? ಅದೂ ಇಲ್ಲ. ಒಂದು ಮಾತ್ರೆ ಹೆಚ್ಚಿದರೆ ಅವನ ನಾಲಗೆಯೇ ಎಡವುತ್ತದೆ, ಕಿವಿಯೇ ಒಲ್ಲೆನೆನ್ನುತ್ತದೆ. ಹಿಂದೊಮ್ಮೆ ಎಣಿಸಿದ್ದು ಈಗ ಲಯವಾಗಿ ಮೈಗೂಡಿದೆ. ಛಂದಶ್ಶಾಸ್ತ್ರದ ಗ್ರಂಥ ಮನೆಯಲ್ಲಿರಲಿ. ಸಂದೇಹ ಬಂದಾಗ ತೆಗೆದು ನೋಡೋಣ. ಅದನ್ನು ಸಭೆಯಲ್ಲಿ ಬಿಡಿಸಿಟ್ಟುಕೊಂಡು ಪದ್ಯ ಓದುವವನು ಪಂಡಿತನಾಗಬಹುದು, ಗಮಕಿಯಾಗಲಾರ.

ಅಳತೆ ಮತ್ತು ಅರಿವು ಒಂದಕ್ಕೊಂದು ಶತ್ರುಗಳಲ್ಲ. ಆದರೆ ಅವುಗಳಿಗೆ ಬೇರೆ ಬೇರೆ ಹೊತ್ತುಗಳಿವೆ. ಅಂಕಿ ಸದಾ ಕಣ್ಣೆದುರಿಗಿದ್ದರೆ ಮೈ ಕಲಿಯುವುದನ್ನು ಬಿಟ್ಟುಬಿಡುತ್ತದೆ. ಕೇಳಿದೊಡನೆ ಉತ್ತರ ಹೇಳಿಕೊಡುವ ಗೆಳೆಯ ಪಕ್ಕದಲ್ಲಿದ್ದರೆ ವಿದ್ಯಾರ್ಥಿ ಲೆಕ್ಕ ಮಾಡುವುದನ್ನು ಬಿಡುವಂತೆ. ಅಂಕಿ ಎಂದೂ ಸಿಗದಿದ್ದರೂ ಮೈ ಕಲಿಯದು. ತಪ್ಪನ್ನು ತಿದ್ದುವವರಿಲ್ಲದೆ ತನ್ನ ಭ್ರಮೆಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಎರಡರ ನಡುವೆ ಸ್ವಲ್ಪ ಬಿಡುವು ಬೇಕು. ಆ ಬಿಡುವಿನಲ್ಲಿ ಮನುಷ್ಯ ತನ್ನ ತೀರ್ಮಾನವನ್ನು ತಾನು ಮಾಡುತ್ತಾನೆ. ಒಕ್ಕೂಟದ ನಿಯಮ ಬರೆದವರ ಉದ್ದೇಶ ಏನೇ ಇರಲಿ, ಪಥದ ಮೇಲಿರುವಷ್ಟು ಹೊತ್ತು ತೀರ್ಮಾನ ಸವಾರನದಾಗಿರಬೇಕೆಂಬ ಫಲವಂತೂ ಅದರಿಂದ ದೊರೆಯುತ್ತದೆ. ದುಬಾರಿ ಯಂತ್ರ ಕೊಳ್ಳಬಲ್ಲವನೂ ಕೊಳ್ಳಲಾರದವನೂ ಆ ಹೊತ್ತಿನಲ್ಲಿ ಸಮಾನರು ಎಂಬುದು ಇನ್ನೊಂದು ಫಲ.

ನನ್ನ ತಮ್ಮನ ಮಗನಿಗೆ ನಾನು ಕೊಟ್ಟ ಸಲಹೆ ಇದು. ಪೆಟ್ಟಿಗೆ ಸೀಟಿನ ಕೆಳಗೇ ಇರಲಿ. ಹತ್ತು ಸುತ್ತು ಮುಗಿಸಿ ಕೆಳಗಿಳಿದೊಡನೆ ಅದಕ್ಕೆ ಕೈ ಹಾಕಬೇಡ. ಮೊದಲು ಒಂದು ಕಾಗದದಲ್ಲಿ ಬರೆ: ನನ್ನ ಸುತ್ತು ಎಷ್ಟು ಸೆಕೆಂಡಿನದಿತ್ತು, ಯಾವ ಸುತ್ತಿನಲ್ಲಿ ಸೋತೆ, ಯಾವುದರಲ್ಲಿ ಅವಸರಪಟ್ಟೆ. ಆಮೇಲೆ ಪೆಟ್ಟಿಗೆಯನ್ನು ತೆರೆದು ನೋಡು. ದೂರದ ಅಂಕಿಯನ್ನು ಬದಿಗಿಡು. ಸುತ್ತಿನ ಸಮಯವನ್ನೂ ಶಕ್ತಿಯ ಅಂಕಿಯನ್ನೂ ಗಮನಿಸು. ನೀನು ಬರೆದದ್ದಕ್ಕೂ ಅದು ಬರೆದದ್ದಕ್ಕೂ ಇರುವ ಅಂತರವೇ ಅಂದಿನ ಪಾಠ. ಆ ಅಂತರ ವಾರದಿಂದ ವಾರಕ್ಕೆ ಕಿರಿದಾಗುತ್ತ ಬಂದರೆ, ಕೊಟ್ಟ ಹಣಕ್ಕೆ ಮೋಸವಿಲ್ಲ. ಪೆಟ್ಟಿಗೆ ತನ್ನ ಕೆಲಸವನ್ನು ಮಾಡುತ್ತಿದೆ.

ನಾವು ಇಂದು ಹೆಜ್ಜೆಗಳನ್ನು ಎಣಿಸುತ್ತೇವೆ, ನಿದ್ದೆಯ ಗಂಟೆಗಳನ್ನು ಎಣಿಸುತ್ತೇವೆ, ನಾಡಿಯ ಬಡಿತವನ್ನು ಮಣಿಕಟ್ಟಿನ ಮೇಲೆ ನೋಡಿಕೊಂಡು ಆರೋಗ್ಯವಾಗಿದ್ದೇವೆಯೋ ಇಲ್ಲವೋ ಎಂದು ತಿಳಿಯುತ್ತೇವೆ. ಬೆಳಿಗ್ಗೆ ಎದ್ದಾಗ ಮೈ ಹೇಗಿದೆ ಎಂಬುದಕ್ಕೆ ಯಂತ್ರದ ಅನುಮತಿ ಬೇಕಾದ ಕಾಲ ಬಂದಿದೆ. ಯಂತ್ರಗಳನ್ನು ಹಳಿದು ಪ್ರಯೋಜನವಿಲ್ಲ. ಅವು ಬಹಳ ಉಪಕಾರ ಮಾಡುತ್ತವೆ. ಆದರೆ ಅವುಗಳನ್ನು ಕೇಳುವುದಕ್ಕೆ ಮೊದಲು ನಮ್ಮನ್ನು ನಾವು ಒಂದು ಮಾತು ಕೇಳಿಕೊಳ್ಳುವ ಅಭ್ಯಾಸ ತಪ್ಪಬಾರದು. ವೆಲೋಡ್ರೋಮಿನ ಹಲಗೆಯ ಮೇಲೆ ಆ ಅಭ್ಯಾಸವನ್ನು ಒಂದು ನಿಯಮ ಕಾಪಾಡಿದೆ. ಉಳಿದ ಕಡೆ ಅಂಥ ನಿಯಮವಿಲ್ಲ. ಅದನ್ನು ನಮಗೆ ನಾವೇ ಮಾಡಿಕೊಳ್ಳಬೇಕು.